ಮಡುವಿನಲ್ಲಿಲ್ಲದ ಮೀನು

ಜೂನ್ ಒಂದರಿಂದ ನನ್ನ ಮಾವ ರದಿಸಾವ್ ದಿನವೂ ಬೆಳಿಗ್ಗೆ ಐದಕ್ಕೆ ಮೊರಾವಿತ್ಸಾ ನದಿಗೆ ಇಳಿಯುತ್ತಿದ್ದರು. ನಮ್ಮ ರಾಸ್ಪ್‌ಬೆರಿ ಸಾಲುಗಳು ಮುಗಿಯುವಲ್ಲಿ ನದಿ ಒಮ್ಮೆ ಹೊರಳಿ ಆಳವಾಗುತ್ತದೆ. ಆ ಮಡುವಿನ ಮೇಲೆ ಹಿಪ್ಪುನೇರಳೆ ಮರವೊಂದು ಬಾಗಿದೆ. ಹಣ್ಣು ನೀರಿಗೆ ಬೀಳುತ್ತದೆ, ಕೆಳಗೆ ಕ್ಲೆನ್ ಮೀನುಗಳು ಕಾಯುತ್ತವೆ. ಮಾವ ಆ ಹಣ್ಣಿನಂತೆಯೇ ಕಾಣುವ ಹುಸಿ ಹಣ್ಣನ್ನು ಕೊಕ್ಕೆಗೆ ಕಟ್ಟಿ, ಉದ್ದನೆಯ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ಮರದ ನೆರಳಿನೊಳಗೆ ಟಪ್ಪೆಂದು ಬೀಳಿಸುತ್ತಿದ್ದರು. ಅವರಿಗೆ ಬೇಕಾಗಿದ್ದುದು ಒಂದೇ ಮೀನು. ಅದು ಅಲ್ಲಿರಲಿಲ್ಲ. ಹಿಂದಿನ ಸೆಪ್ಟೆಂಬರಿನಲ್ಲಿ ನನ್ನ ಗಂಡನೂ ನಾನೂ ಅದನ್ನು ತಿಂದಿದ್ದೆವು.

ನನ್ನ ಗಂಡ ರೆಲ್ಯ ಡಿಸೆಂಬರಿನ ಕೊನೆಗೆ ತೀರಿಕೊಂಡ. ಅವನಿಗೆ ಮೂವತ್ತಮೂರು ವರ್ಷ. ಪೊಝೆಗಾದ ರಸ್ತೆಯಲ್ಲಿ ನೀರು ಹೆಪ್ಪುಗಟ್ಟಿತ್ತು, ಎದುರಿಗೆ ದಿಮ್ಮಿ ಹೊತ್ತ ಲಾರಿ ಬಂತು. ಅದಕ್ಕಿಂತ ಹೆಚ್ಚು ನಾನು ಯಾರನ್ನೂ ಕೇಳಲಿಲ್ಲ.

ಆರು ತಿಂಗಳ ತಿಥಿ ಜೂನ್ ಇಪ್ಪತ್ತೇಳರ ಶನಿವಾರಕ್ಕೆ ಬರುತ್ತಿತ್ತು. ನಮ್ಮಲ್ಲಿ ತಿಥಿಯನ್ನು ದಿನಕ್ಕೆ ಮುಂಚೆ ಮಾಡಬಹುದು, ಒಂದು ದಿನವೂ ತಡ ಮಾಡುವಂತಿಲ್ಲ. ಸಂತ ಪೇತ್ರನ ಹಬ್ಬಕ್ಕೆ ಮುಂಚಿನ ವ್ರತದ ದಿನಗಳಾದ್ದರಿಂದ ಮೇಜಿನ ಮೇಲೆ ಮಾಂಸ, ಹಾಲು, ಮೊಟ್ಟೆ ಯಾವುದೂ ಇರಕೂಡದು. ಮೀನು ಇರಬಹುದು.

ಮೀನಿನ ವಿಷಯದಲ್ಲಿ ತಂದೆ ಮಗನ ನಡುವೆ ಒಂದು ಮಾತಾಗಿತ್ತು. ಮೂರು ವರ್ಷದ ಹಿಂದೆ ದೊಡ್ಡಪ್ಪನೊಬ್ಬರ ತಿಥಿಯಲ್ಲಿ ಅಂಗಡಿಯಿಂದ ತಂದ ಹೆಪ್ಪುಗಟ್ಟಿದ ಮೀನನ್ನು ಬಡಿಸಿದ್ದರು. ಇಬ್ಬರೂ ಪ್ಲಮ್ ಸಾರಾಯಿ ಕುಡಿದು ಮನೆಗೆ ಬಂದವರು ಅಂಗಳದಲ್ಲೇ ಕೈಗೆ ಕೈ ಹೊಡೆದುಕೊಂಡರು. ಯಾರು ಮೊದಲು ಹೋಗುತ್ತಾರೋ ಅವರ ತಿಥಿಗೆ ಉಳಿದವನು ಮರದ ಕೆಳಗಿನ ಆ ಮುದಿ ಕ್ಲೆನ್ ಅನ್ನು ಹಿಡಿದು ಬಡಿಸಬೇಕು, ಅದೂ ನೊಣದ ಗಾಳದಲ್ಲಿ, ಎಂದರೆ ಕೈಯಾರೆ ಕಟ್ಟಿದ ಹುಸಿ ನೊಣ, ಹುಸಿ ಮಿಡತೆ, ಹುಸಿ ಹಣ್ಣಿನಲ್ಲಿ, ಎರೆಹುಳದಲ್ಲಿ ಅಲ್ಲ. ಯಾರು ಮೊದಲು ಹೋಗುತ್ತಾರೆ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಆದ್ದರಿಂದಲೇ ಅಷ್ಟು ನಕ್ಕರು.

ಮಾವನಿಗೆ ಹೃದಯದ ಕವಾಟವೊಂದು ಕೆಟ್ಟಿತ್ತು. ಬೆಲ್‌ಗ್ರೇಡಿನ ಆಸ್ಪತ್ರೆಯಲ್ಲಿ ಜೂನ್ ಇಪ್ಪತ್ತಮೂರರ ಮಂಗಳವಾರಕ್ಕೆ ಹಾಸಿಗೆ ಕೊಟ್ಟಿದ್ದರು. ಮಗನ ತಿಥಿ ಮುಗಿಯುವವರೆಗೆ ಬರುವುದಿಲ್ಲ ಎಂದುಬಿಟ್ಟರು ಮಾವ. ಹಾಗಾದರೆ ಒಂದು ವಾರ ಮುಂಚೆಯೇ ತಿಥಿ ಮಾಡಿ ಮುಗಿಸೋಣ ಎಂದರು ಅತ್ತೆ.

“ಮೀನು ಸಿಕ್ಕಿಲ್ವಲ್ಲ,” ಎಂದರು ಮಾವ.

ಅಷ್ಟೇ. ಅದರ ಮೇಲೆ ಮಾತಿಲ್ಲ.

ರೆಲ್ಯ ಹಿಡಿದ ಮೀನನ್ನೆಲ್ಲ ನೀರಿಗೇ ಬಿಡುತ್ತಿದ್ದ. ಸೆಪ್ಟೆಂಬರಿನ ಆ ಭಾನುವಾರ ಮಾತ್ರ ಒದ್ದೆ ಅಂಗಿಯಲ್ಲಿ ಸುತ್ತಿದ್ದ ಏನನ್ನೋ ಹಿತ್ತಿಲ ಬಾಗಿಲಿನಿಂದ ಒಳಗೆ ತಂದು ಪಾತ್ರೆ ತೊಳೆಯುವ ತೊಟ್ಟಿಯಲ್ಲಿಟ್ಟ. ಮಾವ ಅತ್ತೆ ಉಝಿತ್ಸೆಗೆ ಮದುವೆಗೆ ಹೋಗಿದ್ದರು. ಅಂಗಿಯ ತುಂಬ ರಕ್ತ.

“ಕೊಕ್ಕೆ ಕಿವಿರಿನೊಳಗೆ ಸಿಕ್ಕೊಂಡ್ಬಿಟ್ತು, ಸ್ಮಿಲ್ಯ. ಬಿಟ್ಟಿದ್ರೆ ಹೊಟ್ಟೆ ಮೇಲಾಗಿ ತೇಲಿ ಪಕ್ಕದ್ಮನೆ ಮಿಲೊಯೆ ಕೈಗೆ ಸಿಗೋದು. ಅವನು ಊರೆಲ್ಲ ಮೆರವಣಿಗೆ ಮಾಡೋನು.”

“ಮಾವನಿಗೆ ಹೇಳು.”

“ಏಳು ವರ್ಷದಿಂದ ಇದರ ಹಿಂದೆ ಬಿದ್ದಿದಾರೆ ಅಪ್ಪ. ಇದೊಂದು ಇದೆ ಅಂತ ಬೆಳಿಗ್ಗೆ ಎದ್ದೇಳ್ತಾರೆ. ಏನಂತ ಹೇಳ್ಲಿ?”

ಕ್ಲೆನ್ ತುಂಬ ಮುಳ್ಳಿನ ಮೀನು. ಎರಡೂ ಪಕ್ಕೆಗೆ ಕಡ್ಡಿಯಗಲದಷ್ಟು ಹತ್ತಿರ ಹತ್ತಿರ ಕೊಯ್ದು, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಚೆನ್ನಾಗಿ ಕರಿದರೆ ಸಣ್ಣ ಮುಳ್ಳುಗಳು ಕರಕಲಾಗುತ್ತವೆ. ಇದು ಸಣ್ಣ ಮೀನಿಗೆ ಸರಿ. ಅದು ನನ್ನ ಮೊಳಕ್ಕಿಂತ ಉದ್ದವಿತ್ತು. ಇಬ್ಬರೂ ಬಾಯಿಂದ ಮುಳ್ಳು ತೆಗೆಯುತ್ತ ತಿಂದೆವು. ಎಸೆಯುವುದಕ್ಕೆ ಅವನಿಗೆ ಮನಸ್ಸಾಗಲಿಲ್ಲ. ಯಾರಿಗೂ ಹೇಳಬೇಡ ಎಂದ. ನಾನು ಹೇಳಲಿಲ್ಲ.

ಅವನು ಹೋದ ಮೇಲೆ ನಲವತ್ತನೆಯ ದಿನಕ್ಕೆ ಅವನ ಬಟ್ಟೆ, ಬೂಟು, ಕೈಗಡಿಯಾರ ಎಲ್ಲವನ್ನೂ ಆತ್ಮಶಾಂತಿಗೆಂದು ಹಂಚಿದರು. ಫೋಟೋಗಳು ಅತ್ತೆಯ ಕೋಣೆಯಲ್ಲಿವೆ. ಸಮಾಧಿಯ ಬಳಿ ಯಾವಾಗ ಹೋದರೂ ನನಗಿಂತ ಮೊದಲು ಯಾರೋ ಮೇಣದ ಬತ್ತಿ ಹಚ್ಚಿರುತ್ತಾರೆ. ಅವನಿಗೂ ನನಗೂ ಮಾತ್ರ ಸೇರಿದ್ದು ಎಂದು ಉಳಿದದ್ದು ಆ ಮೀನೊಂದೇ.

*

ಹದಿನೆಂಟನೆಯ ತಾರೀಖು ಗುರುವಾರ. ರಾಸ್ಪ್‌ಬೆರಿ ಕೊಯ್ಲು ಶುರುವಾಗಿತ್ತು. ಹಣ್ಣಿನ ಶೀತಲ ಗೋದಾಮಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ ಮಧ್ಯಾಹ್ನದ ಮೇಲೆ. ಆದ್ದರಿಂದ ಬೆಳಿಗ್ಗೆ ಮನೆಯಲ್ಲೇ ಇದ್ದೆ. ಅತ್ತೆ ವಿದೊಸಾವ ಕೊಯ್ಲಿನವರಿಗೆ ಹುರುಳಿಕಾಯಿ ಬೇಯಿಸುತ್ತಿದ್ದರು. ಪಕ್ಕದ ಮನೆಯ ಮಿಲೊಯೆ ಬೇಲಿಗೆ ಮೊಣಕೈ ಊರಿ ನಿಂತಿದ್ದ. ಮಾವ ನದಿಯಿಂದ ಹತ್ತಿ ಬಂದರು. ಮುನ್ನೂರು ಹೆಜ್ಜೆಯ ದಾರಿಯಲ್ಲಿ ಎರಡು ಕಡೆ ಕುಳಿತದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ.

“ಏನಪ್ಪ ರದಿಸಾವ್, ಇವತ್ತೂ ಮರಕ್ಕೆ ಕೈಮುಗಿದು ಬಂದ್ಯಾ?” ಎಂದ ಮಿಲೊಯೆ.

“ನೀ ಹೋಗಿ ಎರೆಹುಳ ಅಗಿ. ನಿಂಗೂ ನಿನ್ನ ಕೋಳಿಗೂ ಒಂದೇ ಊಟ.”

“ನನ್ನ ಹುಳಕ್ಕೆ ಜೀವನಾದ್ರೂ ಇರುತ್ತೆ ಮಾರಾಯ. ಹೆಂಡ್ತಿ ಹವಾಯಿ ಚಪ್ಪಲಿ ಕತ್ತರಿಸಿ ಹಿಪ್ಪುನೇರಳೆ ಅಂತ ಮೀನಿಗೆ ಮೋಸ ಮಾಡೋನಲ್ಲ ನಾನು.”

“ಮೂರು ಜೊತೆ ಹೋಯ್ತು,” ಎಂದರು ಅತ್ತೆ ಒಲೆಯ ಕಡೆಯಿಂದಲೇ. “ಅದೂ ಎಡಗಾಲಿಂದೇ. ಬಲಗಾಲಿನ ರಬ್ಬರು ಮೀನಿಗೆ ರುಚಿಸಲ್ವೇನೋ, ಕೇಳು.”

ಮಾವ ನಗಲಿಲ್ಲ. ಬೆಂಚಿನ ಮೇಲೆ ಕುಳಿತು ಉಸಿರಿಗಾಗಿ ಕಾದರು. ಅವರ ತುಟಿ ಹಿಪ್ಪುನೇರಳೆ ತಿಂದವರ ತುಟಿಯ ಬಣ್ಣಕ್ಕೆ ತಿರುಗಿತ್ತು. ಅವರು ಹಣ್ಣು ತಿಂದಿರಲಿಲ್ಲ. ಮಿಲೊಯೆ ಅದನ್ನು ನೋಡಿ ಬೇಲಿಯಿಂದ ಮೊಣಕೈ ತೆಗೆದ.

“ನನ್ನ ಹತ್ರ ಸಾಕಿದ ಕಾರ್ಪ್ ಮೀನಿದೆ,” ಎಂದ ಬೇರೆಯೇ ದನಿಯಲ್ಲಿ. “ತಿಥಿಗೆ ಎಷ್ಟು ಬೇಕೋ ತಗೋ. ರೆಲ್ಯ ನಂಗೂ ಮಗನೇ.”

“ಆಡಿದ ಮಾತು ಕಾರ್ಪಿಗಲ್ಲ.”

ಅಷ್ಟರಲ್ಲಿ ಒಳಗೆ ಫೋನ್ ಬಂತು. ನಾನು ತೆಗೆದುಕೊಂಡೆ. ಆಸ್ಪತ್ರೆಯ ಡಾಕ್ಟರು, ಹೆಂಗಸು. ಶುಕ್ರವಾರ ಸಂಜೆಯೊಳಗೆ ಹೇಳದಿದ್ದರೆ ಹಾಸಿಗೆ ಬೇರೆಯವರಿಗೆ ಹೋಗುತ್ತದೆ, ಮುಂದಿನದು ಅಕ್ಟೋಬರಿನಲ್ಲಿ ಎಂದರು.

“ಅಕ್ಟೋಬರ್ ತನಕ ತಡೀತಾರಾ?” ಎಂದು ಕೇಳಿದೆ.

“ನಾನಾಗಿದ್ರೆ ಅವರನ್ನ ಮೆಟ್ಲು ಹತ್ತೋಕೂ ಬಿಡ್ತಿರ್ಲಿಲ್ಲ ಕಣಮ್ಮ. ನದೀಲಿ ನಿಂತ್ಕೋತಾರೆ ಅಂತೀರ.”

ಅತ್ತೆ ನನ್ನ ಮುಖ ನೋಡಿ ಎಲ್ಲವನ್ನೂ ತಿಳಿದುಕೊಂಡರು. ಒರೆಸುವ ಬಟ್ಟೆಯನ್ನು ಹೆಗಲ ಮೇಲಿಂದ ತೆಗೆದು ನನ್ನ ಕೈಗೆ ಕೊಟ್ಟರು, ನಾನು ಕೇಳಿಯೇ ಇಲ್ಲದಿದ್ದರೂ.

“ನೀನೇ ಹೇಳಿ ನೋಡು. ನನ್ನ ಮಾತು ನಲವತ್ತು ವರ್ಷದಿಂದ ಕೇಳಿ ಕೇಳಿ ಅವರಿಗೆ ಕೇಳಿಸೋದೇ ಇಲ್ಲ. ನೀನು ಓದಿದೋಳು. ಮಗನ್ನ ಆ ರಸ್ತೆ ತಿಂದಾಯ್ತು. ಇವರನ್ನ ಆ ಮರ ತಿನ್ನುತ್ತೆ.”

*

ಶುಕ್ರವಾರ ಬೆಳಿಗ್ಗೆ ಮಾವನ ಹಿಂದೆ ನಾನೂ ಇಳಿದೆ. ಬೂದುಬಣ್ಣದ ಅಂಗಿ ಹಾಕಿಕೊಂಡಿದ್ದೆ. ಕ್ಲೆನ್ ಎದುರಿಗೆ ಬಿಳಿ ಹಾಕಿಕೊಂಡು ಹೋಗಬಾರದೆಂದು ರೆಲ್ಯ ಕಲಿಸಿದ್ದ.

“ಮೆಲ್ಲಗೆ,” ಎಂದರು ಮಾವ ತಿರುಗಿ ನೋಡದೆ. “ಅದಕ್ಕೆ ನಿನ್ನ ಹೆಜ್ಜೆ ಹೊಟ್ಟೇಲಿ ಕೇಳ್ಸುತ್ತೆ.”

ನೀರು ಮೊಣಕಾಲಿನಷ್ಟಿತ್ತು. ಅವರು ಮರದಿಂದ ಇಪ್ಪತ್ತು ಹೆಜ್ಜೆ ಕೆಳಗೆ ನಿಂತರು. ದಾರ ಹಿಂದಕ್ಕೆ ಹೋಯಿತು, ಒಂದು ಕ್ಷಣ ಗಾಳಿಯಲ್ಲೇ ನಿಂತಿತು, ಮುಂದಕ್ಕೆ ಬಂತು. ಕಪ್ಪು ರಬ್ಬರಿಗೆ ನೇರಳೆ ಉಲ್ಲನ್ ಸುತ್ತಿದ ಆ ತುಣುಕು ಕೊಂಬೆಯ ಕೆಳಗೆ ಬಿತ್ತು. ಹಣ್ಣು ಬೀಳುವ ಸದ್ದೇ. ಹತ್ತಿರದಲ್ಲಿ ನಿಜವಾದ ಹಣ್ಣೊಂದು ಬಿತ್ತು. ನನಗೆ ಎರಡರ ವ್ಯತ್ಯಾಸ ತಿಳಿಯಲಿಲ್ಲ.

“ಅಗೋ. ಚಪ್ಪಟೆ ಕಲ್ಲಿನ ಎಡಕ್ಕೆ. ಕಂಡ್ತಾ?”

ನನಗೆ ಕಲ್ಲು ಕಂಡಿತು.

ಮೂರನೆಯ ಬೀಸಿಗೆ ನೀರು ಒಡೆಯಿತು. ಕೋಲು ಬಾಗಿತು. ಮಾವ ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತ ಎಳೆದರು. ಕೈಬಲೆಗೆ ಬಂದದ್ದು ಒಂದು ಕಿಲೋ ಇರಬಹುದಾದ ಕ್ಲೆನ್, ತೋರವಾದ ಬಿಳಿ ತುಟಿ, ಕಪ್ಪಂಚಿನ ಹುರುಪೆ, ಕೆಂಪು ಕೆಳರೆಕ್ಕೆ. ಯಾರಾದರೂ ಸಂತೋಷಪಡುವ ಮೀನು. ಮಾವ ಕೊಕ್ಕೆ ಬಿಡಿಸಿ ಬಲೆಯನ್ನು ನೀರಿನಲ್ಲೇ ಹಿಡಿದು ಕೆಳಕ್ಕೆ ಹೊರಟರು. ಹಿಡಿದ ಕ್ಲೆನ್ ಅನ್ನು ಅದೇ ಮಡುವಿಗೆ ಬಿಡುವುದಿಲ್ಲ. ಬಿಟ್ಟರೆ ಅದು ಉಳಿದವಕ್ಕೆಲ್ಲ ಸುದ್ದಿ ಹೇಳುತ್ತದೆ, ಇಡೀ ದಿನ ಒಂದೂ ಬಾಯಿ ಹಾಕುವುದಿಲ್ಲ. ಎಂಬತ್ತು ಹೆಜ್ಜೆ ಕೆಳಗಿನ ಅಡ್ಡಗಲ್ಲುಗಳನ್ನು ದಾಟಿ ಬಿಡಬೇಕು.

ಮೂವತ್ತನೆಯ ಹೆಜ್ಜೆಗೆ ಅವರು ನಿಂತರು. ಕೈ ಎದೆಯ ಹತ್ತಿರ ಹೋಗಿ ಅರ್ಧಕ್ಕೇ ಇಳಿಯಿತು, ನಾನು ನೋಡುತ್ತಿದ್ದೆ ಎಂದು.

“ಕೊಡಿ ಇಲ್ಲಿ,” ಎಂದು ಬಲೆ ತೆಗೆದುಕೊಂಡೆ.

ಮೀನನ್ನು ಕೆಳಗೆ ಬಿಟ್ಟು ಬರುವಷ್ಟರಲ್ಲಿ ಅವರು ದಡದ ಕಲ್ಲಿನ ಮೇಲೆ ಕುಳಿತು ಕೊಕ್ಕೆಯ ಉಲ್ಲನ್ ಸರಿಮಾಡುತ್ತಿದ್ದರು.

“ಮಾವ, ಮಂಗಳವಾರ ಹೋಗೋಣ.”

“ಇವತ್ತು ಶುಕ್ರವಾರ. ನಾಳೆ, ನಾಡಿದ್ದು, ಸೋಮವಾರ. ಮೂರು ದಿನದಲ್ಲಿ ಸಿಕ್ಕಿದ್ರೆ ಬರ್ತೀನಿ. ಅದು ಮೇಲಕ್ಕೆ ಬರ್ತಿದೆ. ಚಳಿಗಾಲದಲ್ಲಿ ಆಳಕ್ಕೆ ಹೋಗಿತ್ತು, ಈಗ ಹಣ್ಣಿಗೆ ಬಂದೇ ಬರುತ್ತೆ.”

“ಬರಲ್ಲ. ಅದು ಇಲ್ಲಿಲ್ಲ.”

“ನಿಂಗೇನು ಗೊತ್ತು.”

“ನಾವು ತಿಂದ್ವಿ ಮಾವ. ರೆಲ್ಯ ಹಿಡಿದ. ಸೆಪ್ಟೆಂಬರ್‌ನಲ್ಲಿ.”

ಅವರು ನನ್ನನ್ನು ನೋಡಿ ನಕ್ಕರು. ಆರು ತಿಂಗಳಲ್ಲಿ ಮೊದಲ ಸಲ.

“ವಿದೊಸಾವ ಹೇಳ್ಕೊಟ್ಲಾ? ವಿಶ್ವವಿದ್ಯಾಲಯದಲ್ಲಿ ಇಷ್ಟು ವರ್ಷ ಓದಿ ಇದೇನಾ ನೀನು ಕಲ್ತಿರೋ ಸುಳ್ಳು?”

“ಬೆನ್ನಿನ ಬಲಗಡೆ ಒಂದು ಗುಳಿ ಇತ್ತು. ಅಲ್ಲಿ ಹುರುಪೆ ಅಡ್ಡಡ್ಡ ಬೆಳೆದಿತ್ತು. ಚಾಕು ಅಲ್ಲಿಗೆ ಬಂದಾಗೆಲ್ಲ ಜಾರ್ತಿತ್ತು. ನಾನೇ ತೆಗ್ದಿದ್ದು.”

ಅವರು ಉಲ್ಲನ್ ಸರಿಮಾಡುವುದನ್ನು ನಿಲ್ಲಿಸಿದರು.

“ಯಾವ ಕಡೆ ಅಂದೆ?”

“ಬಲಗಡೆ.”

“ಬಕ ಕುಕ್ಕಿದ್ದು ಅದು. ಐದು ವರ್ಷ ಆಯ್ತು.” ಕೊಕ್ಕೆಯನ್ನು ಕಲ್ಲಿನ ಮೇಲಿಟ್ಟರು. “ಸೆಪ್ಟೆಂಬರ್ ಯಾವಾಗ?”

“ಕೊನೇ ಭಾನುವಾರ. ನೀವು ಮದುವೆಗೆ ಹೋಗಿದ್ರಿ.”

“ಯಾವುದಕ್ಕೆ ಬಾಯಿ ಹಾಕ್ತು?”

“ಮಿಡತೆಗೆ.”

“ನಾನು ಕಟ್ಟಿದ ಮಿಡತೆನಾ, ಅವನು ಕಟ್ಟಿದ್ದಾ?”

“ಗೊತ್ತಿಲ್ಲ ಮಾವ.”

“ಎಷ್ಟು ತೂಕ?”

“ತೂಗ್ಲಿಲ್ಲ.”

“ತೂಗ್ಲೂ ಇಲ್ಲ. ಕತ್ತೆ.” ಆ ಮಾತಿನಲ್ಲಿ ಸಿಟ್ಟಿರಲಿಲ್ಲ. “ರುಚಿ ಹೇಗಿತ್ತು?”

“ಬರೀ ಮುಳ್ಳು.”

ಅವರು ತಲೆಯಾಡಿಸಿದರು. ಹಿಪ್ಪುನೇರಳೆ ಹಣ್ಣುಗಳು ಒಂದೊಂದಾಗಿ ಬೀಳುತ್ತಿದ್ದವು. ಕೆಲವಕ್ಕೆ ಮೀನು ಬಂತು, ಕೆಲವಕ್ಕೆ ಬರಲಿಲ್ಲ. ರೆಲ್ಯ ಯಾಕೆ ಹೇಳಲಿಲ್ಲ ಎಂಬುದನ್ನು ನಾನು ಹೇಳಿದೆ, ಅವನು ಹೇಳಿದಂತೆಯೇ. ಬೆಳಿಗ್ಗೆ ಎದ್ದೇಳುವ ಮಾತನ್ನೂ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಬೇರೇನನ್ನೋ ಎಣಿಸುತ್ತಿದ್ದರು.

“ಅಕ್ಟೋಬರ್ ಪೂರ್ತಿ ಅವನು ನನ್ನ ಜೊತೆ ಬಂದ,” ಎಂದರು ಕೊನೆಗೆ. “ನವೆಂಬರಲ್ಲೂ ಎರಡು ಭಾನುವಾರ ಬಂದ. ಇಲ್ಲೇ, ನೀನು ನಿಂತಿದೀಯಲ್ಲ, ಅಲ್ಲೇ ನಿಲ್ತಿದ್ದ. ‘ಅಪ್ಪ, ಅಗೋ, ಅಲ್ಲಿ ಅಲುಗ್ತು’ ಅಂತ ಬೆರಳು ತೋರಿಸೋನು. ನಾನು ಬೀಸೋನು.”

ಅವರು ಚಪ್ಪಟೆ ಕಲ್ಲಿನ ಕಡೆ ಕೋಲು ತೋರಿಸಿದರು.

“ಇನ್ನೂ ಸ್ವಲ್ಪ ಎಡಕ್ಕೆ ಅಪ್ಪ, ಅನ್ನೋನು.”

ಅವರು ಎದ್ದು ದಾರವನ್ನು ಸುತ್ತಿಕೊಂಡರು. ಮೇಲೆ ಹತ್ತುವಾಗ ಮೂರು ಸಲ ಕುಳಿತರು. ಒಂದು ಸಲವೂ ನನ್ನ ಕೈ ಹಿಡಿಯಲಿಲ್ಲ. ಅಡುಗೆಮನೆಯಲ್ಲಿ ಅತ್ತೆಗೆ, “ಮಂಗಳವಾರ ಹೋಗ್ತೀನಿ, ಅಂಗಿ ಇಸ್ತ್ರಿ ಮಾಡಿಡು,” ಎಂದರು. ಅತ್ತೆ ಅಲ್ಲೇ ಕುಳಿತು ತಲೆವಸ್ತ್ರಕ್ಕೆ ಮುಖವೊತ್ತಿ ಅತ್ತರು. ಆಮೇಲೆ ನನ್ನ ಕೆನ್ನೆ ಹಿಡಿದು ಹಣೆಗೆ ಮುತ್ತಿಟ್ಟರು. ಏನು ಹೇಳಿ ಒಪ್ಪಿಸಿದೆ ಎಂದು ಕೇಳಿದರು. ವಿಜ್ಞಾನ ಹೇಳಿದೆ ಎಂದೆ.

*

ಮಂಗಳವಾರ ನಾನೇ ಕಾರು ಓಡಿಸಿದೆ. ಪೊಝೆಗಾದ ರಸ್ತೆ ಬಿಟ್ಟು ಬೇರೆ ದಾರಿಯಿಲ್ಲ. ಲಾರಿ ಎದುರಾದ ಆ ತಿರುವಿನಲ್ಲಿ ಇಬ್ಬರೂ ಮುಂದೆ ನೋಡುತ್ತ ಕುಳಿತಿದ್ದೆವು. ಮಾವ ಕೆಂಪು ಟೊಮೇಟೊ, ಬ್ರೆಡ್ಡು ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ತಿನ್ನಲಿಲ್ಲ. ಮಿಲಾನೊವಾತ್ಸ್ ಪಟ್ಟಣ ದಾಟಿದ ಮೇಲೆ ಬಾಯಿ ಬಿಟ್ಟರು.

“ಒಂದು ಕೇಳ್ತೀನಿ.”

“ಕೇಳಿ ಮಾವ.”

“ಮನೆಗೆ ಬಂದ ಮೇಲೆ ಅವನು ನನ್ನ ನೆನೆಸ್ಕೊಂಡು ನಗ್ತಿದ್ನಾ?”

ಅಕ್ಟೋಬರಿನ ಒಂದು ಸಂಜೆ ರೆಲ್ಯ ಹೊಸ್ತಿಲಲ್ಲಿ ಕುಳಿತು ಬೂಟು ಬಿಚ್ಚುತ್ತ, ಅಪ್ಪ ಇವತ್ತು ಒಂದು ಕಲ್ಲಿಗೆ ಎರಡು ಗಂಟೆ ನೊಣ ಹಾಕಿದರು ಎಂದ. ಅದು ಕಲ್ಲು ಎಂದು ತಿಳಿದ ಮೇಲೆ ಅಪ್ಪ ಅದಕ್ಕೇ ಬೈದರಂತೆ. ರೆಲ್ಯ ಅದನ್ನು ಅವರಂತೆಯೇ ಮಾಡಿ ತೋರಿಸಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾನೂ ನಕ್ಕೆ. ಆಮೇಲೆ ಅವನು ಒಂದು ಬೂಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಹಾಗೇ ಕುಳಿತಿದ್ದ. ಕ್ರಿಸ್‌ಮಸ್ಸಿಗೆ ಹೇಳಿಬಿಡುತ್ತೇನೆ ಎಂದ. ನಮ್ಮ ಕ್ರಿಸ್‌ಮಸ್ ಜನವರಿಯಲ್ಲಿ.

“ಇಲ್ಲ,” ಎಂದೆ. “ಒಂದು ಸಲಾನೂ ಇಲ್ಲ. ಕ್ರಿಸ್‌ಮಸ್ಸಿಗೆ ನಿಮ್ಗೆ ಹೇಳ್ಬೇಕು ಅಂತಿದ್ದ.”

“ಅಂತಿದ್ದ.”

“ಹೌದು.”

ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಗೋಧಿ ಬಲಿತಿತ್ತು. ನಾನು ಸುಳ್ಳು ಹೇಳಿದೆನೆಂದು ಅವರಿಗೆ ಗೊತ್ತಾಯಿತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಗುರುವಾರ ಕವಾಟ ಹಾಕಿದರು. ಶನಿವಾರ ಅವರಿಲ್ಲದೆ ತಿಥಿ ಮಾಡಿದೆವು. ಪಾದ್ರಿ ಬಂದು ಬೇಯಿಸಿದ ಗೋಧಿಯ ಮೇಲೆ ದ್ರಾಕ್ಷಾರಸ ಸುರಿದರು. ಮೇಜಿನ ಮೇಲೆ ಮಿಲೊಯೆಯ ಕಾರ್ಪ್ ಇತ್ತು. ಜನ ಒಳ್ಳೆಯ ಮೀನು ಎಂದರು. ನಿಜವಾಗಿಯೂ ಒಳ್ಳೆಯ ಮೀನು.

ಈಗ ಆಗಸ್ಟ್. ಮಾವನ ತುಟಿಯ ಬಣ್ಣ ಸರಿಯಾಗಿದೆ. ದಿನಕ್ಕೆರಡು ಸಲ ಚರ್ಚಿನವರೆಗೂ ನಡೆದು ಬರುತ್ತಾರೆ, ದಾರಿಯಲ್ಲಿ ಎಲ್ಲೂ ಕುಳಿತುಕೊಳ್ಳುವುದಿಲ್ಲ. ನನ್ನ ಹತ್ತಿರ ಮುಂಚಿನಂತೆಯೇ ಮಾತಾಡುತ್ತಾರೆ, ಹವಾಮಾನ, ಹಣ್ಣು, ಕಾರಿನ ಚಕ್ರ. ನದಿಗೆ ಹೋಗುವುದಿಲ್ಲ. ಮಿಡತೆಯ ಕಾಲ ಬಂತು, ಬಾರೋ ಎಂದು ಮಿಲೊಯೆ ಬೇಲಿಯ ಹತ್ತಿರ ನಿಂತು ಕರೆದ. ಮಾವ ಒಳಗೆ ಹೋದರು. ನೀರಿನಲ್ಲಿ ನಿಲ್ಲಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಅತ್ತೆ ಎಲ್ಲರಿಗೂ ಹೇಳುತ್ತಾರೆ.

ಡಾಕ್ಟರು ಹಾಗೇನೂ ಹೇಳಿಲ್ಲ. ಆಸ್ಪತ್ರೆಯ ಕಾಗದಗಳನ್ನೆಲ್ಲ ಓದಿದವಳು ನಾನೇ.